ಕೆನಿಂಗ್ ಅಂದರೆ ಬರೀ ರೂಪಕವಾ? ಈ ಪದ ಎಲ್ಲಿಂದ ಬಂತು?

ಶರಾವತಿ ಓದುಗಿ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಬೇವುಲ್ಫ್ ಓದುತ್ತಿದ್ದೇನೆ. ಹಳೆ ಇಂಗ್ಲಿಷಿನ 3182 ಸಾಲುಗಳ ಕಾವ್ಯ. ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಈಗಿನ ಇಂಗ್ಲಿಷ್ ಇರುವ ಪುಸ್ತಕ ನನ್ನದು. ಇಷ್ಟವಾದ ಸಾಲುಗಳನ್ನು ನನಗೋಸ್ಕರ ಸುಮ್ನೆ ಕನ್ನಡದಲ್ಲಿ ಬರೆದುಕೊಳ್ಳುತ್ತಾ ಹೋಗುತ್ತೇನೆ.

ಹತ್ತನೇ ಸಾಲಿನಲ್ಲೇ ನಿಂತುಬಿಟ್ಟೆ. ಅಲ್ಲಿ ಕಡಲಿಗೆ 'ಹ್ರೋನ್‌ರಾದ್' ಅಂತ ಇದೆ. ತಿಮಿಂಗಿಲದ ದಾರಿ ಅಂತ ಅರ್ಥ ಕೊಟ್ಟಿದ್ದಾರೆ. ಅಡಿಟಿಪ್ಪಣಿಯಲ್ಲಿ "ಇದು ಕೆನಿಂಗ್" ಎಂದಷ್ಟೇ ಇದೆ. ನಿಘಂಟು ನೋಡಿದರೆ "ಎರಡು ಪದ ಸೇರಿಸಿ ಮಾಡಿದ ರೂಪಕ" ಎಂದು ಮುಗಿಸುತ್ತದೆ. ಅಷ್ಟೇನಾ? ಹಾಗಾದರೆ ರೂಪಕ ಅಂತಲೇ ಕರೆಯಬಹುದಿತ್ತು, ಬೇರೆ ಹೆಸರು ಯಾಕೆ ಬೇಕಾಯಿತು? ಈ ಪದದ ಹುಟ್ಟು ಯಾವುದು? ನಮ್ಮ 'ಕಾಣ್' ಜೊತೆ ಏನಾದರೂ ನಂಟು ಇದೆಯಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಬರ್ಗನ್ ಮಳೆ

ಒಳ್ಳೇ ಪ್ರಶ್ನೆ. ನಾನು ನಾರ್ವೆಯಲ್ಲಿ ಇದ್ದೇನೆ. ಇಲ್ಲಿ ದಿನಾ ಬಳಸುವ ಒಂದು ಕ್ರಿಯಾಪದ ಇದೆ, 'ಶೆನ್ನೆ'. ಪರಿಚಯ ಇರುವುದು, ಗುರುತು ಹಿಡಿಯುವುದು ಎರಡಕ್ಕೂ ಅದೇ. "ನಿನ್ನನ್ನು ಬಲ್ಲೆ" ಅನ್ನುವುದಕ್ಕೂ ಇದನ್ನೇ ಹೇಳುತ್ತಾರೆ. ಇದರ ಹಳೆಯ ರೂಪ ಹಳೆ ನಾರ್ಸ್, ಅಂದರೆ ನಾರ್ವೆ, ಐಸ್‌ಲ್ಯಾಂಡ್ ಜನರ ಹಿಂದಿನ ಭಾಷೆಯ 'ಕೆನ್ನಾ'. ಕೆನಿಂಗ್ ಹುಟ್ಟಿದ್ದು ಅದರಿಂದ.

ಆದರೆ ಮುಖ್ಯವಾದದ್ದು ಬರೀ ಕೆನ್ನಾ ಅಲ್ಲ. 'ಕೆನ್ನಾ ವಿದ್' ಅನ್ನುವ ಬಳಕೆ. ಒಂದನ್ನು ಇನ್ನೊಂದರ ನಂಟಿನಿಂದ ಹೆಸರಿಸುವುದು ಅಂತ ಅರ್ಥ. ನಮ್ಮ ಕಡೆ "ಗಿರಣಿ ಮನೆಯವರ ಮಗ" ಅನ್ನುತ್ತೇವೆ ಅಲ್ವಾ, ಹುಡುಗನ ಹೆಸರು ಬಿಟ್ಟು? ಯಾರಿಗೆ ಸೇರಿದವನು ಎಂದು ಹೇಳಿ ಅವನನ್ನು ಗುರುತಿಸುತ್ತೇವೆ. ಕೆನಿಂಗ್‌ನ ಬೇರು ಈ ಕೆಲಸದಲ್ಲಿದೆ. ಆ ಪದದ ಒಳಗೆ ಹೋಲಿಕೆ ಎಂಬ ಮಾತೇ ಇಲ್ಲ. ಇರುವುದು ಗುರುತು.

ಈಗಿನ ಐಸ್‌ಲ್ಯಾಂಡಿಕ್‌ನಲ್ಲಿ 'ಕೆನ್ನಾರಿ' ಅಂದರೆ ಮೇಷ್ಟ್ರು. 'ಕೆನಿಂಗ್' ಅಂದರೆ ಸಿದ್ಧಾಂತ ಅಂತಲೂ ಆಗುತ್ತದೆ.

ಹಳಗನ್ನಡ ಮೇಷ್ಟ್ರು

ಕಾಣ್ ವಿಷಯಕ್ಕೆ ಮೊದಲು ಬರುತ್ತೇನೆ, ಯಾಕೆಂದರೆ ಈ ತರಹದ ಹೊಂದಿಕೆ ನೋಡಿ ಬಹಳ ಜನ ದಾರಿ ತಪ್ಪುತ್ತಾರೆ. ಕಾಣ್ ನಮ್ಮ ದ್ರಾವಿಡ ಮಾತು, ತಮಿಳಿನಲ್ಲೂ ಇದೆ. ಕೆನ್ನಾ ಇಂಡೋ-ಯುರೋಪಿಯನ್ ಕುಟುಂಬದ್ದು. ಅದರ ಮೊದಲ 'ಕ' ಕೂಡ ಮೊದಲಿಂದ ಕ ಅಲ್ಲ. ಬಹಳ ಹಿಂದೆ ಅದು 'ಗ' ಆಗಿತ್ತು. ಜರ್ಮ್ಯಾನಿಕ್ ಭಾಷೆಗಳು ಬೇರೆಯಾಗುವಾಗ ಗ ಕಾರ ಕ ಕಾರವಾಯಿತು. ಗ್ರೀಕ್, ಲ್ಯಾಟಿನ್ ಪದಗಳಲ್ಲಿ ಆ ಗ ಹಾಗೇ ಉಳಿದಿದೆ. ಹಾಗಾಗಿ ಕಾಣ್ ಮತ್ತು ಕೆನ್ನಾ ಕೇಳಲಿಕ್ಕೆ ಮಾತ್ರ ಹತ್ತಿರ.

ನಿಜವಾದ ನಂಟು ಬೇರೆ ಕಡೆ ಇದೆ. ಅದೇ ಹಳೆ ಬೇರು ಸಂಸ್ಕೃತದಲ್ಲಿ 'ಜ್ಞಾ' ಆಯಿತು. ಜರ್ಮನ್ನರ ಕೆನ್ನೆನ್, ಸ್ಕಾಟ್ಲೆಂಡಿನವರ ಕೆನ್, ಇಂಗ್ಲಿಷಿನ ನೋ, ನಮಗೆ ಸಂಸ್ಕೃತದಿಂದ ಬಂದ ಜ್ಞಾನ, ಎಲ್ಲವೂ ಒಂದೇ ಬೇರಿನ ಚಿಗುರು. ಜ್ಞಾನಕ್ಕಿಂತ ನನಗೆ ಹೆಚ್ಚು ಹಿಡಿಸುವ ಪದ 'ಸಂಜ್ಞೆ'. ವ್ಯಾಕರಣ ಪುಸ್ತಕದಲ್ಲಿ ಸಂಜ್ಞಾ ಪ್ರಕರಣ ಅಂತ ನೀವೆಲ್ಲ ಓದಿರುತ್ತೀರಿ. ಸಂಜ್ಞೆ ಅಂದರೆ ಗುರುತೂ ಹೌದು, ಹೆಸರೂ ಹೌದು. ಐಸ್‌ಲ್ಯಾಂಡಿನವರು ಅದೇ ಬೇರಿನಿಂದ ಕೆನಿಂಗ್ ಮಾಡಿಕೊಂಡರು, ಗುರುತು ಹಿಡಿದು ಹೆಸರಿಡುವುದಕ್ಕೆ. ಒಂದನ್ನೊಂದು ಕಾಣದ ಎರಡು ಊರಿನ ಜನ ಒಂದೇ ಬೇರಿನಿಂದ ಒಂದೇ ಕೆಲಸದ ಪದ ಮಾಡಿದ್ದಾರೆ. ಇದನ್ನು ಮೊದಲ ಸಲ ಗಮನಿಸಿದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

ರಾತ್ರಿಪಾಳಿ

ಮೇಷ್ಟ್ರೇ, ಸಂಜ್ಞೆ ವಿಷಯ ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಆದರೆ ನನಗೆ ಉದಾಹರಣೆ ಬೇಕು. ತಿಮಿಂಗಿಲದ ದಾರಿ ಒಂದೇ ನೋಡಿದರೆ ರೂಪಕದ ಹಾಗೇ ಕಾಣುತ್ತದೆ. ನಂಟಿನಿಂದ ಹೆಸರಿಸುವುದು ಅಂದರೆ ಹೇಗೆ?

ಬರ್ಗನ್ ಮಳೆ

ಈ ಲೆಕ್ಕವನ್ನು ನಮಗಾಗಿ ಬರೆದಿಟ್ಟವನು ಸ್ನೋರಿ ಸ್ಟುರ್ಲುಸನ್. 1179ರಲ್ಲಿ ಐಸ್‌ಲ್ಯಾಂಡಿನಲ್ಲಿ ಹುಟ್ಟಿದ. 1241ರಲ್ಲಿ ರೇಯ್ಕ್‌ಹೋಲ್ಟ್‌ನ ತನ್ನ ಮನೆಯಲ್ಲೇ ಕೊಲೆಯಾದ. ಅವನ ಎಡ್ಡಾ ಕವಿಗಳಿಗಾಗಿ ಬರೆದ ಕೈಪಿಡಿ.

ಅವನು ಕೊಡುವ ಮೊದಲ ಉದಾಹರಣೆ ನೋಡಿ. ಟೀರ್ ಎಂಬುವನು ಒಬ್ಬ ದೇವತೆ. 'ಗೆಲುವಿನ ಟೀರ್', 'ಗಲ್ಲಿಗೇರಿದವರ ಟೀರ್' ಎಂದರೆ? ಟೀರ್ ಅಲ್ಲ, ದೇವತೆಗಳ ಒಡೆಯ ಓಡಿನ್. ಗೆಲುವು, ಗಲ್ಲು ಎರಡೂ ಓಡಿನ್‌ಗೆ ಸೇರಿದವು. ಕರೆದದ್ದು ಒಬ್ಬನನ್ನು, ಆದರೆ ಇನ್ನೊಬ್ಬನ ಸೊತ್ತನ್ನು ಪಕ್ಕದಲ್ಲಿ ಇಟ್ಟ ಕೂಡಲೇ ಹೆಸರು ಆ ಸೊತ್ತಿನ ಒಡೆಯನಿಗೆ ಹೋಗುತ್ತದೆ ಅನ್ನುತ್ತಾನೆ ಸ್ನೋರಿ. ಇಲ್ಲಿ ಹೋಲಿಕೆ ಎಲ್ಲಿದೆ ಹೇಳಿ?

ಇನ್ನು ಚಿನ್ನ. ಸಿಫ್ ಎಂಬ ದೇವತೆಯ ಕೂದಲನ್ನು ಲೋಕಿ ಕತ್ತರಿಸಿದ, ಕುಬ್ಜರು ಅವಳಿಗೆ ಚಿನ್ನದ ಕೂದಲು ಮಾಡಿಕೊಟ್ಟರು. ಹಾಗಾಗಿ 'ಸಿಫ್‌ಳ ಕೂದಲು' ಅಂದರೆ ಚಿನ್ನ. ಕಡಲರಸ ಏಗಿರ್‌ನ ಔತಣದಲ್ಲಿ ದೀಪದ ಬದಲು ಹೊಳೆಯುವ ಚಿನ್ನ ಇಟ್ಟಿದ್ದರು, ಹಾಗಾಗಿ 'ಏಗಿರ್‌ನ ಬೆಂಕಿ'. 'ಫ್ರೇಯಾಳ ಕಣ್ಣೀರು' ಕೂಡ ಚಿನ್ನವೇ.

ನನಗೆ ತೀರಾ ಇಷ್ಟವಾದದ್ದು 'ಕುಬ್ಜರ ದೋಣಿ'. ಅದರ ಅರ್ಥ ಕವಿತೆ! ಕವಿತ್ವ ಕೊಡುವ ಜೇನುಮದ್ಯ ಇಬ್ಬರು ಕುಬ್ಜರ ಹತ್ತಿರ ಇತ್ತು. ಅವರು ಒಬ್ಬ ದೈತ್ಯನನ್ನು ಕೊಂದಿದ್ದರು. ಆ ದೈತ್ಯನ ಮಗ ಸುಟ್ಟುಂಗ್ ಇವರನ್ನು ಹಿಡಿದು, ಉಬ್ಬರ ಬಂದರೆ ಮುಳುಗುವ ಬಂಡೆಯ ಮೇಲೆ ಬಿಟ್ಟ. ಪ್ರಾಣ ಉಳಿಸಿಕೊಳ್ಳಲು ಆ ಮದ್ಯವನ್ನೇ ಕೊಟ್ಟರು. ಅವರನ್ನು ನೀರಿನಿಂದ ದಾಟಿಸಿದ್ದು ಅದೇ ಅಲ್ವಾ? ಹಾಗಾಗಿ ಅದು ದೋಣಿ. ಕಥೆ ಗೊತ್ತಿಲ್ಲದವನಿಗೆ ತಲೆ ಚಚ್ಚಿಕೊಂಡರೂ ಇದು ಹೊಳೆಯುವುದಿಲ್ಲ.

ತೀರ್ಥಹಳ್ಳಿ ಕಡೆಯವಳು

ಇದನ್ನು ಓದುತ್ತಾ ನಮ್ಮ ಅಜ್ಜಿ ನೆನಪಾದರು. ರಾತ್ರಿ ಹೊತ್ತು ಅವರು ಹಾವು ಅಂತ ಹೇಳುತ್ತಿರಲಿಲ್ಲ. 'ಹುಳ' ಅನ್ನುತ್ತಿದ್ದರು. ಹೆಸರು ಹೇಳಿದರೆ ಬರುತ್ತದೆ ಅನ್ನುವ ಭಯ. ಕೆನಿಂಗ್ ಕೂಡ ಹೀಗೇ ಭಯದಿಂದ ಹುಟ್ಟಿರಬಹುದಾ?

ಹಳಗನ್ನಡ ಮೇಷ್ಟ್ರು

ಈ ವಾದ ಮಾಡಿದ ವಿದ್ವಾಂಸರು ಇದ್ದಾರೆ, ಮೇಡಂ. ಆಧಾರವೂ ಇದೆ. ಶೆಟ್‌ಲ್ಯಾಂಡ್ ದ್ವೀಪದ ಮೀನುಗಾರರು ಕಡಲಿಗೆ ಇಳಿದ ಮೇಲೆ ಕೆಲವು ಪದಗಳನ್ನು ಬಾಯಿಗೆ ತರುತ್ತಿರಲಿಲ್ಲ. ಪಾದ್ರಿ ಅನ್ನದೆ 'ಎದ್ದು ನಿಲ್ಲುವವ' ಎನ್ನುತ್ತಿದ್ದರು. ಕರಡಿಯ ನಿಜವಾದ ಹಳೆ ಹೆಸರನ್ನು ಜರ್ಮ್ಯಾನಿಕ್ ಜನ ಬಿಟ್ಟೇಬಿಟ್ಟರು, 'ಕಂದು ಬಣ್ಣದ್ದು' ಅನ್ನುವ ಪದವೇ ಉಳಿಯಿತು ಎಂದು ಬಹಳ ಜನ ಒಪ್ಪುತ್ತಾರೆ. ಬೇವುಲ್ಫ್ ಹೆಸರನ್ನೂ 'ಜೇನುನೊಣದ ತೋಳ' ಎಂದು ಬಿಡಿಸುವವರಿದ್ದಾರೆ. ಜೇನು ಕದಿಯುವ ತೋಳ ಯಾವುದು? ಕರಡಿ.

ಆದರೂ ಈ ವಾದ ಅರ್ಧ ದಾರಿಗೆ ನಿಲ್ಲುತ್ತದೆ ಅಂತ ನನ್ನ ಅನಿಸಿಕೆ. ಭಯಪಟ್ಟವರು ಒಂದು ಮುಚ್ಚುಹೆಸರು ಇಟ್ಟು ಸುಮ್ಮನಾಗುತ್ತಾರೆ. ಚಿನ್ನಕ್ಕೆ, ಹಡಗಿಗೆ, ಕತ್ತಿಗೆ ಯಾರು ಹೆದರುತ್ತಾರೆ? ಅವಕ್ಕೇ ಹೆಸರುಗಳು ರಾಶಿ ರಾಶಿ ಇವೆ.

ಶರಾವತಿ ಓದುಗಿ

ಹಾಗಾದರೆ ನನ್ನ ತಿಮಿಂಗಿಲದ ದಾರಿಗೆ ಕಾರಣ ಏನು? ಅದರ ಹಿಂದೆ ಅಂಥ ಕಥೆ ಇಲ್ಲವಲ್ಲ. ಇನ್ನೊಂದು ಗಮನಿಸಿದೆ. 200ನೇ ಸಾಲಿನಲ್ಲಿ ಅದೇ ಕಡಲನ್ನು 'ಸ್ವಾನ್‌ರಾದ್', ಹಂಸದ ದಾರಿ ಎನ್ನುತ್ತಾನೆ. ತಿಮಿಂಗಿಲ ಬಿಟ್ಟು ಹಂಸಕ್ಕೆ ಯಾಕೆ ಹೋದ?

ಹಳಗನ್ನಡ ಮೇಷ್ಟ್ರು

ನೀವೇ ಉತ್ತರದ ಬಾಗಿಲಲ್ಲಿ ನಿಂತಿದ್ದೀರಿ! ಎರಡೂ ಸಾಲನ್ನು ಬಾಯಿಬಿಟ್ಟು ಓದಿ.

ಹತ್ತನೇ ಸಾಲು: ಓವೆರ್ ಹ್ರೋನ್‌ರಾದೆ ಹೂರಾನ್ ಸ್ಕೋಲ್ದೆ.
200ನೇ ಸಾಲು: ಓವೆರ್ ಸ್ವಾನ್‌ರಾದೆ ಸೇಚೆಯಾನ್ ವೋಲ್ದೆ.

ಮೊದಲನೆಯದರಲ್ಲಿ ಹ್ರೋನ್, ಹೂರಾನ್. ಎರಡನೆಯದರಲ್ಲಿ ಸ್ವಾನ್, ಸೇಚೆಯಾನ್. ಈ ಛಂದಸ್ಸಿನಲ್ಲಿ ಸಾಲಿಗೆ ಎರಡು ತುಂಡು. ಎರಡನೇ ತುಂಡಿನಲ್ಲಿ ಮೊದಲು ಒತ್ತಿ ಹೇಳುವ ಪದ ಯಾವ ಅಕ್ಷರದಿಂದ ಶುರುವಾಗುತ್ತದೋ, ಮೊದಲ ತುಂಡಿನಲ್ಲೂ ಆ ಅಕ್ಷರ ಬರಲೇಬೇಕು. ನಮ್ಮ ಕವಿಗಳಿಗೆ ಸಾಲಿನ ಎರಡನೇ ಅಕ್ಷರದ ಪ್ರಾಸ ಹೇಗೋ ಅವರಿಗೆ ಇದು ಹಾಗೆ. ಹತ್ತನೇ ಸಾಲಿನಲ್ಲಿ ವಿಧೇಯರಾಗಬೇಕಾಯಿತು ಅಂತ ಹೇಳಬೇಕು, ಆ ಕ್ರಿಯಾಪದ ಹ ಕಾರದ್ದು, ತಿಮಿಂಗಿಲ ಬಂತು. 200ರಲ್ಲಿ ಹುಡುಕಿ ಹೋಗಬೇಕು ಅಂತ ಹೇಳಬೇಕು, ಅದು ಸ ಕಾರದ್ದು, ಹಂಸ ಬಂತು. ಪ್ರಾಸ ಕೂರಿಸಿ ಪದ್ಯ ಬರೆದವರಿಗೆ ಈ ಕಷ್ಟ ಗೊತ್ತು. ಒಂದೇ ವಸ್ತುವಿಗೆ ಬೇರೆ ಬೇರೆ ಅಕ್ಷರದ ಹತ್ತು ಹೆಸರು ಕೈಯಲ್ಲಿ ಇರಬೇಕು.

ಇನ್ನೊಂದು ತಿದ್ದುಪಡಿ. ರಾದ್ ಅಂದರೆ ಆಗಿನ ಕಾಲಕ್ಕೆ ರಸ್ತೆ ಅಲ್ಲ. ಸವಾರಿ, ಪಯಣ. ರಸ್ತೆ ಅನ್ನುವ ಅರ್ಥ ಬಹಳ ನಂತರ ಬಂತು. ಹಾಗಾಗಿ ತಿಮಿಂಗಿಲ ಓಡಾಡುವ ಜಾಗ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮತ್ತೆ, ಬೇವುಲ್ಫ್ ಕವಿಗೆ ಕೆನಿಂಗ್ ಎಂಬ ಹೆಸರು ಗೊತ್ತಿರಲಿಲ್ಲ. ಅದು ಐಸ್‌ಲ್ಯಾಂಡಿನವರ ಶಾಸ್ತ್ರದ ಪದ. ಇಂಗ್ಲಿಷ್ ವಿದ್ವಾಂಸರು 19ನೇ ಶತಮಾನದಲ್ಲಿ ಅದನ್ನು ಎರವಲು ತಂದು ತಮ್ಮ ಹಳೆ ಕಾವ್ಯಕ್ಕೂ ಅಂಟಿಸಿದರು. ಗೊಂದಲದ ಮೂಲ ಅರ್ಧಕ್ಕರ್ಧ ಇದೇ.

ರಾತ್ರಿಪಾಳಿ

ಮತ್ತೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 'ಮುಕ್ಕಣ್ಣ' ಕೆನಿಂಗ್ ಹೌದಾ ಅಲ್ವಾ?

ಹಳಗನ್ನಡ ಮೇಷ್ಟ್ರು

ಬೇಜಾರು ಯಾಕೆ, ನೂರು ವರ್ಷದಿಂದ ವಿದ್ವಾಂಸರು ಜಗಳ ಆಡುತ್ತಿರುವುದೇ ಇಲ್ಲಿ. ರುಡಾಲ್ಫ್ ಮೈಸ್ನರ್ 1921ರಲ್ಲಿ ಹಳೆ ನಾರ್ಸ್‌ನ ಸ್ಕಾಲ್ಡ್ ಕವಿಗಳ ಕೆನಿಂಗ್‌ಗಳನ್ನೆಲ್ಲ ಒಂದು ದೊಡ್ಡ ಪುಸ್ತಕದಲ್ಲಿ ಕೂಡಿಹಾಕಿದರು. ಸಾಮಾನ್ಯ ಹೆಸರಿನ ಬದಲಿಗೆ ಬರುವ ಎರಡು ಭಾಗದ ಮಾತೆಲ್ಲ ಅವರಿಗೆ ಕೆನಿಂಗ್. ಆಂಡ್ರಿಯಾಸ್ ಹೊಯ್ಸ್ಲರ್ ಒಪ್ಪಲಿಲ್ಲ. ಬುಡದ ಪದ ಹೇಳುವ ವಸ್ತುವೇ ಬೇರೆಯಾಗಿರಬೇಕು, ಪಕ್ಕದ ಪದ ಅದನ್ನು ನಿಜವಾದ ವಸ್ತುವಿನ ಕಡೆ ತಿರುಗಿಸಬೇಕು, ಆಗ ಮಾತ್ರ ಕೆನಿಂಗ್ ಎಂದರು. ಆಮೇಲೆ ಬೇವುಲ್ಫ್ ಬಗ್ಗೆ ಬರೆದ ಬ್ರೋಡರ್ ಕೂಡ ಈ ಗೆರೆಯನ್ನೇ ಎಳೆದರು.

ಹಡಗಿಗೆ 'ಅಲೆಯ ಕುದುರೆ' ಎನ್ನುತ್ತಾರೆ. ಹಡಗು ಕುದುರೆ ಅಲ್ಲ. ಇದು ಕೆನಿಂಗ್. ಶಾಲೆಯಲ್ಲಿ ಒಂಟೆಗೆ 'ಮರುಭೂಮಿಯ ಹಡಗು' ಅಂತ ಕಲಿತಿದ್ದೇವೆ. ಒಂಟೆ ಹಡಗು ಅಲ್ಲ. ಅದೂ ಈ ಜಾತಿಯದೇ. ಆದರೆ ಶಿವನಿಗೆ ಮೂರು ಕಣ್ಣು ಇದ್ದೇ ಇವೆ. ಮುಕ್ಕಣ್ಣ ಅಂದರೆ ಇರುವುದನ್ನೇ ಹೇಳಿದಂತೆ. ಹಳಗನ್ನಡದ 'ಬಿಸುಗದಿರ', ಬಿಸಿಯಾದ ಕದಿರಿನವನು, ಅಂದರೆ ಸೂರ್ಯ. 'ಎಲರುಣಿ', ಗಾಳಿ ಉಣ್ಣುವುದು, ಅಂದರೆ ಹಾವು. ಇವೆಲ್ಲ ಚಂದದ ಹೆಸರುಗಳು, ಆದರೆ ಹೊಯ್ಸ್ಲರ್ ಗೆರೆಯ ಆಚೆ ನಿಲ್ಲುತ್ತವೆ. ಮೈಸ್ನರ್ ಕೇಳಿದರೆ ಒಳಗೆ ಕರೆಯುತ್ತಿದ್ದರು.

ನಾನು ಮೈಸ್ನರ್ ಪಕ್ಷ. ಸ್ನೋರಿ ತಾನೇ 'ಗೆಲುವಿನ ಟೀರ್' ಅನ್ನು ಮೊದಲ ಉದಾಹರಣೆಯಾಗಿ ಕೊಟ್ಟಿರುವಾಗ ರೂಪಕ ಇದ್ದರೆ ಮಾತ್ರ ಕೆನಿಂಗ್ ಅನ್ನುವುದು ಆ ಪದಕ್ಕೆ ಮಾಡುವ ಅನ್ಯಾಯ.

ಬರ್ಗನ್ ಮಳೆ

ಮೇಷ್ಟ್ರ ಮಾತಿಗೆ ನನ್ನದೂ ಒಂದು ಓಟು. ಆದರೆ ರೂಪಕ ಸೇರಿದಾಗ ಕೆನಿಂಗ್ ಎಷ್ಟು ದೂರ ಹೋಗುತ್ತದೆ ಅನ್ನುವುದನ್ನೂ ನೋಡಬೇಕು. ಸ್ಕಾಲ್ಡ್ ಕವಿಗಳು ಒಂದು ಕೆನಿಂಗ್‌ನ ಒಳಗೆ ಇನ್ನೊಂದನ್ನು ಕೂರಿಸುತ್ತಾರೆ. ಬಹಳ ಉದ್ದದ್ದು ಎಂದು ಹೆಸರಾದ ಒಂದನ್ನು ಬಿಡಿಸುತ್ತೇನೆ, ನಿಧಾನವಾಗಿ ಓದಿ.

'ದೋಣಿಮನೆಯ ಕುದುರೆಯ ಕಾಪಿನ ಚಂದ್ರನ ರಕ್ಕಸಿಯ ಹಿಮಗಾಳಿಯ ಬೆಂಕಿಯನ್ನು ಬೀಸುವವನು.'

ದೋಣಿಮನೆಯ ಕುದುರೆ, ಅಂದರೆ ಹಡಗು. ಹಡಗನ್ನು ಕಾಯುವ ಚಂದ್ರ ಗುರಾಣಿ, ಯಾಕೆಂದರೆ ದುಂಡು ಗುರಾಣಿಗಳನ್ನು ಹಡಗಿನ ಪಕ್ಕಕ್ಕೆ ಸಾಲಾಗಿ ತೂಗುಹಾಕುತ್ತಿದ್ದರು. ಗುರಾಣಿಯನ್ನು ತಿನ್ನುವ ರಕ್ಕಸಿ ಕೊಡಲಿ. ಕೊಡಲಿಗಳಿಗೆ ರಕ್ಕಸಿಯರ ಹೆಸರು ಹೇಳುತ್ತಾರೆ ಎಂದು ಸ್ನೋರಿಯೇ ಬರೆದಿದ್ದಾನೆ. ಕೊಡಲಿಯ ಹಿಮಗಾಳಿ ಅಂದರೆ ಕಾಳಗ. ಕಾಳಗದ ಬೆಂಕಿ ಕತ್ತಿ. ಕತ್ತಿ ಬೀಸುವವನು ಯೋಧ. ಇಷ್ಟೆಲ್ಲ ಆಗಿ ಸಿಕ್ಕಿದ್ದು ಒಬ್ಬ ಯೋಧ! ಸ್ನೋರಿಗೂ ಇಷ್ಟು ಉದ್ದ ಹಿಡಿಸುತ್ತಿರಲಿಲ್ಲ. ಐದರಾಚೆ ಹೋದರೆ ಅಳತೆ ಮೀರಿದಂತೆ, ಹಳಬರು ಮಾಡಿದ್ದರೂ ಈಗ ಬೇಡ ಎನ್ನುತ್ತಾನೆ.

ಅವನು ಇನ್ನೊಂದು ಒಳ್ಳೇ ಮಾತು ಹೇಳುತ್ತಾನೆ. ಕತ್ತಿಯನ್ನು ಹಾವು ಅಂದಿರಾ? ಹಾಗಾದರೆ ಹಾವಾಗಿಯೇ ಮುಂದುವರಿಸಿ. ಒರೆ ಅದರ ದಾರಿ, ಪಟ್ಟಿ ಅದರ ಪೊರೆ. ಮಧ್ಯದಲ್ಲಿ ಅದನ್ನೇ ಮೀನು ಮಾಡಿದರೆ ಪದ್ಯ ಕೆಟ್ಟಿತು. ಆ ದೋಷಕ್ಕೆ 'ನೂಕ್ರಾತ್' ಎಂದು ಹೆಸರಿತ್ತು. ನೂಕ್ರ್ ಅಂದರೆ ಆಗಾಗ ರೂಪ ಬದಲಿಸುವ ನೀರಿನ ಭೂತ.

ಇದೆಲ್ಲ ಬರೀ ಹಸ್ತಪ್ರತಿಯಲ್ಲಿ ಇರುವ ಆಟ ಅಂದುಕೊಳ್ಳಬೇಡಿ. ಸ್ವೀಡನ್ನಿನ ಓಲಂಡ್ ದ್ವೀಪದಲ್ಲಿ ಕಾರ್ಲೆವಿ ಎಂಬಲ್ಲಿ ಒಂದು ಕಲ್ಲು ನಿಂತಿದೆ. ಸುಮಾರು ಸಾವಿರನೇ ಇಸವಿಯದು. ಸತ್ತ ನಾಯಕನೊಬ್ಬನ ನೆನಪಿಗೆ ರೂನ್ ಲಿಪಿಯಲ್ಲಿ ಇಡೀ ಪದ್ಯ ಕೆತ್ತಿದ್ದಾರೆ. ಅದರಲ್ಲಿ ಅವನು 'ಎಂಡಿಲ್‌ನ ದೊಡ್ಡ ನೆಲದ ರಥದ ವಿದುರ್'. ಎಂಡಿಲ್ ಒಬ್ಬ ಕಡಲರಸ, ಅವನ ನೆಲ ಕಡಲು. ಕಡಲಿನ ರಥ ಹಡಗು. ವಿದುರ್ ಅಂದರೆ ಓಡಿನ್, ಹಡಗಿನ ಓಡಿನ್ ಅಂದರೆ ನಾವಿಕರ ನಾಯಕ.

ತೀರ್ಥಹಳ್ಳಿ ಕಡೆಯವಳು

ಓದಲು ಚೆನ್ನಾಗಿದೆ. ಆದರೆ ಒಗಟು ಬಿಡಿಸುವುದರಲ್ಲೇ ಮನಸ್ಸು ಖರ್ಚಾದರೆ ದುಃಖ, ಪ್ರೀತಿ ಎಲ್ಲ ಎಲ್ಲಿ ಉಳಿಯುತ್ತದೆ? ಇದು ನಿಜವಾದ ಅನುಮಾನ, ದಯವಿಟ್ಟು ತಪ್ಪು ತಿಳಿಯಬೇಡಿ.

ಬರ್ಗನ್ ಮಳೆ

ತಪ್ಪು ತಿಳಿಯುವಂಥದ್ದೇನೂ ಇಲ್ಲ. ನನಗೂ ಮೊದಲು ಹಾಗೇ ಅನಿಸಿತ್ತು, ಎಗಿಲ್ ಸ್ಕಲ್ಲಗ್ರಿಮ್ಸನ್‌ನ ಪದ್ಯ ಓದುವವರೆಗೆ. ಹತ್ತನೇ ಶತಮಾನದ ಕವಿ. ಅವನ ಮಗ ಬೊದ್ವಾರ್ ಕಡಲಿನಲ್ಲಿ ಮುಳುಗಿ ಸತ್ತ. ಎಗಿಲ್ ಬಾಗಿಲು ಹಾಕಿಕೊಂಡು ಮಲಗಿದ. ಅನ್ನ ನೀರು ಬಿಟ್ಟು ಸಾಯುವುದೆಂದು ತೀರ್ಮಾನಿಸಿದ. ಮಗಳು ತೋರ್‌ಗೆರ್ದ್ ಬಂದು, ನಾನೂ ನಿನ್ನ ಜೊತೆ ಸಾಯುತ್ತೇನೆ ಎಂದು ಒಳಗೆ ಹೋದಳು. ಉಪಾಯದಿಂದ ಅವನಿಗೆ ಹಾಲು ಕುಡಿಸಿದಳು. ಆಮೇಲೆ, ಬೊದ್ವಾರ್‌ಗೆ ಒಂದು ಪದ್ಯವಾದರೂ ಕಟ್ಟು, ನಾನು ಕೆತ್ತಿಡುತ್ತೇನೆ ಎಂದಳು. ಎಗಿಲ್‌ನ ಕಥೆ ಹೀಗೆ ಹೇಳುತ್ತದೆ.

ಆ ಪದ್ಯ ಶುರುವಾಗುವುದೇ ನಾಲಿಗೆ ಏಳುತ್ತಿಲ್ಲ ಎಂಬ ಮಾತಿನಿಂದ. ಅಲ್ಲಿ ನಾಲಿಗೆಗೆ ಅವನು ಕೊಟ್ಟ ಹೆಸರು 'ಲ್ಯೋದ್‌ಪುಂಡಾರಿ'. ಲ್ಯೋದ್ ಅಂದರೆ ಹಾಡು. ಪುಂಡಾರಿ ಅಂದರೆ ತೂಕದ ಕೋಲು, ಒಂದು ಕಡೆ ಸರಕು ಕಟ್ಟಿ ಎತ್ತಿ ತೂಗುವುದು. ಹಾಡನ್ನು ತೂಗುವ ಕೋಲು. ಅದನ್ನು ಎತ್ತಲಿಕ್ಕೇ ಆಗುತ್ತಿಲ್ಲ ಅನ್ನುತ್ತಾನೆ.

ಬರೀ ನಾಲಿಗೆ ಅಂದಿದ್ದರೆ ಮಾತು ಬರುತ್ತಿಲ್ಲ ಅಂತ ಅರ್ಥವಾಗಿ ಮುಗಿಯುತ್ತಿತ್ತು. ತೂಕದ ಕೋಲು ಅಂದಾಗ ಅದರ ಇನ್ನೊಂದು ತುದಿಯಲ್ಲಿ ಏನು ತೂಗುತ್ತಿದೆ ಅನ್ನುವುದು ನಮ್ಮ ಕಣ್ಣಿಗೆ ಬರುತ್ತದೆ. ಅವನು ಅದನ್ನು ಹೇಳುವುದೂ ಇಲ್ಲ. ನನಗೆ ಆ ಸಾಲು ಓದಿದ ದಿನ ಬೇರೇನೂ ಓದಲು ಆಗಲಿಲ್ಲ.

ತೀರ್ಥಹಳ್ಳಿ ಕಡೆಯವಳು

ನನ್ನ ಅನುಮಾನ ಹೋಯಿತು. ಇಷ್ಟು ಬರೆದದ್ದಕ್ಕೆ ಕೈಮುಗಿದೆ.

ರಾತ್ರಿಪಾಳಿ

ಕಥೆಗಳು ಮರೆತುಹೋದರೆ ಈ ಪದಗಳೂ ಸತ್ತಂತೆ ಅಲ್ವಾ? ಕುಬ್ಜರ ದೋಣಿ ಇತ್ಯಾದಿ.

ಹಳಗನ್ನಡ ಮೇಷ್ಟ್ರು

ಸ್ನೋರಿಯ ಭಯವೂ ಅದೇ. ಐಸ್‌ಲ್ಯಾಂಡ್ ಕ್ರೈಸ್ತ ಧರ್ಮಕ್ಕೆ ಸೇರಿದ್ದು ಸಾವಿರನೇ ಇಸವಿಯ ಆಸುಪಾಸಿನಲ್ಲಿ. ಅವನು ಬರೆದದ್ದು 1220ರ ಹೊತ್ತಿಗೆ. ಎರಡು ನೂರು ವರ್ಷ ಕಳೆದಿತ್ತು. ಹಳೆ ದೇವತೆಗಳ ಕಥೆ ಹೇಳುವವರು ಕಡಿಮೆಯಾಗಿದ್ದರು. ಕಾವ್ಯದ ಮಾತು ಕಲಿಯಬೇಕೆಂಬ ಚಿಕ್ಕ ವಯಸ್ಸಿನ ಕವಿಗಳಿಗೆ, ಮುಚ್ಚಿ ಹಾಡಿದ್ದನ್ನು ಬಿಡಿಸಿಕೊಳ್ಳಬೇಕು ಎನ್ನುವವರಿಗೆ ಈ ಪುಸ್ತಕ ಎಂದು ಅವನೇ ಹೇಳುತ್ತಾನೆ. ಕ್ರೈಸ್ತರು ಆ ದೇವರುಗಳನ್ನು ನಂಬಬೇಡಿ, ಆದರೆ ಕಥೆಗಳನ್ನು ಕಾವ್ಯದಿಂದ ಕಿತ್ತುಹಾಕಲೂ ಬೇಡಿ ಎನ್ನುತ್ತಾನೆ. ಥಾರ್, ಲೋಕಿಯರ ಕಥೆ ಇವತ್ತು ನಮ್ಮವರೆಗೂ ಬಂದಿದ್ದರೆ, ಅದರ ದೊಡ್ಡ ಪಾಲು ಈ ಪದಗಳಿಗೆ ಅರ್ಥ ಬರೆದಿಡಲು ಹೊರಟವನಿಂದ ಬಂದದ್ದು.

ಶರಾವತಿ ಓದುಗಿ

ಎಲ್ಲರಿಗೂ ತುಂಬಾ ಧನ್ಯವಾದ. ನನ್ನ ಪುಸ್ತಕದ ಅಂಚಿನಲ್ಲಿ 'ರೂಪಕ' ಎಂದು ಬರೆದದ್ದನ್ನು ಹೊಡೆದುಹಾಕಿ 'ಗುರುತುಹೆಸರು' ಎಂದು ಬರೆದುಕೊಂಡೆ. ಕನ್ನಡದಲ್ಲಿ ಇದು ಸರಿಹೋಗುತ್ತಾ ಹೇಳಿ.

ಕೊನೆಯ ಪ್ರಶ್ನೆ. 1368ನೇ ಸಾಲಿನಲ್ಲಿ ಜಿಂಕೆಗೆ 'ಹ್ಯಾದ್‌ಸ್ತಾಪಾ' ಅಂತ ಇದೆ. ಬಯಲು ತುಳಿಯುವವನು. ಜಿಂಕೆ ನಿಜವಾಗಿಯೂ ಬಯಲು ತುಳಿಯುತ್ತದೆ, ಹಾಗಾಗಿ ಹೊಯ್ಸ್ಲರ್ ಗೆರೆಯ ಆಚೆ. ಕನ್ನಡದಲ್ಲಿ ಬರೀ 'ಜಿಂಕೆ' ಅಂತ ಬರೆದುಬಿಡಲಾ?

ಹಳಗನ್ನಡ ಮೇಷ್ಟ್ರು

ಗುರುತುಹೆಸರು ನನಗೆ ಒಪ್ಪಿಗೆ. ಸಂಜ್ಞೆಯ ಎರಡೂ ಅರ್ಥ ಅದರಲ್ಲಿ ಕೂತಿದೆ.

ಆದರೆ ಬರೀ ಜಿಂಕೆ ಬೇಡಮ್ಮ. ಆ ಜಾಗ ಯಾವುದು ನೋಡಿ. ಗ್ರೆಂಡೆಲ್ ಎಂಬ ರಕ್ಕಸನ ತಾಯಿ ಇರುವ ಕೊಳ. ಬೇಟೆನಾಯಿಗಳು ದೂರದಿಂದ ಅಟ್ಟಿಸಿಕೊಂಡು ಬಂದಿವೆ. ದೊಡ್ಡ ಕೊಂಬಿನ ಗಂಡು ಜಿಂಕೆ ಓಡಿ ಓಡಿ ನೀರಿನ ಅಂಚಿಗೆ ಬಂದಿದೆ. ಹಾರಿದರೆ ತಲೆ ಉಳಿಯುತ್ತದೆ. ಆದರೂ ಆ ನೀರಿಗೆ ಇಳಿಯುವುದಿಲ್ಲ, ದಡದಲ್ಲೇ ಪ್ರಾಣ ಕೊಡುತ್ತದೆ. ಅದು ಬಯಲು ತುಳಿದು ಬದುಕಿದ ಪ್ರಾಣಿ, ಅದರ ಕಾಲಿನ ಮುಂದೆ ಈಗ ಬಯಲು ಮುಗಿದಿದೆ. ನೀವು 'ಬಯಲು ತುಳಿವವನು' ಅಂತಲೇ ಬರೆಯಿರಿ.